ಸೂತಕದ ಬೋಟು

ಮೀನು ಸೀಳುವ ಕತ್ತಿ ನನ್ನ ಗಂಟಲಿಗೆ ತಾಗಿಕೊಂಡಿತ್ತು.

ಬೇಲೆಕೇರಿಯ ಜೆಟ್ಟಿ. ಬೆಳಗಿನ ಚುರುಕು ಬಿಸಿಲು. ನನ್ನ ಬೆನ್ನು ಐಸ್ ಬಾಕ್ಸಿಗೆ ಒತ್ತಿಕೊಂಡಿತ್ತು. ಮೂಗಿನ ರಕ್ತ ಅಂಗಿಯ ಜೇಬಿನವರೆಗೆ ಇಳಿದಿತ್ತು. ಕತ್ತಿ ಹಿಡಿದವನ ಹೆಸರು ನಾಗ. ಅನ್ನ ಹಾಕಿದವರ ಪರವಾಗಿ ಬೊಗಳುವ ಜಾತಿ. ಅವನ ಕೈ ನಡುಗುತ್ತಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೇ. ಪಳಗಿದ ಕೈ ಬೇಕಾದಾಗ ಮಾತ್ರ ಕೊಯ್ಯುತ್ತದೆ. ನಡುಗುವ ಕೈಗೆ ಯಾವ ನಿಯಮವೂ ಇಲ್ಲ.

"ಅಲುಗಾಡಬೇಡ ಭಾಸ್ಕರ," ಎಂದ ರೋಷನ. "ಸ್ವಲ್ಪ ಹೊತ್ತು. ಬೋಟು ಹೊರಟ ಮೇಲೆ ನೀ ನಿನ್ನ ಮನೆಗೆ ಹೋಗು."

"ಬೋಟು ನಿಂದಲ್ಲ."

"ನನ್ನ ಅಣ್ಣಂದು."

"ಅಣ್ಣ ಸತ್ತ. ಈಗ ಅವನ ಮಗಳದ್ದು."

"ಮಗಳೂ ಇಲ್ಲೇ ಇದ್ದಾಳಲ್ಲ ಮಾರಾಯ. ಬೇಕಾದ್ರೆ ಕೇಳು."

ಇದ್ದಳು. ತೊಂದರೆಯೇ ಅದು.

ಬೋಟಿನ ಮುಂತುದಿಯಲ್ಲಿ ಪೂರ್ಣಿಮಾ ನಿಂತಿದ್ದಳು. ಎಂಟು ವರ್ಷ. ಶಾಲೆಯ ಯೂನಿಫಾರ್ಮು. ಎರಡೂ ಕೈಯಲ್ಲಿ ತೆಂಗಿನಕಾಯಿ, ತುಟಿಯ ಸುತ್ತ ಐಸ್‌ಕ್ರೀಮಿನ ಕಲೆ. ಕತ್ತಿ ನಾಗನ ಬೆನ್ನಿಗೆ ಮರೆಯಾಗಿತ್ತು. ನನ್ನ ಮೂಗು ಮಾತ್ರ ನೋಡಿ ಚಿಕ್ಕಪ್ಪನ ಕಡೆ ತಿರುಗಿದಳು.

"ಕಾಕಾ, ಅವರಿಗೆ ಎಂತ ಆಯ್ತು?"

"ಜಾರಿ ಬಿದ್ರು ಪುಟ್ಟಾ. ಮೀನಿನ ಲೋಳೆ ಅಲ್ದಾ."

ನಂಬಿದಳು. ಆ ಹುಡುಗಿ ರೋಷನ ಹೇಳಿದ್ದೆಲ್ಲ ನಂಬುತ್ತಿದ್ದಳು. ಈಜು ಕಲಿಸಿದವ ಅವನು. ಅಪ್ಪ ಸತ್ತ ದಿನ ಹೆಗಲ ಮೇಲೆ ಹೊತ್ತು ತಿರುಗಿದವನೂ ಅವನೇ.

ಹಿಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಪೂರ್ಣಿಮಾಳ ಅಪ್ಪ ತುಳಸಿದಾಸ ಎರಡು ಮಳೆಗಾಲದ ಹಿಂದೆ ಇದೇ ಬೋಟಿನಲ್ಲಿ ಎದೆ ಹಿಡಿದುಕೊಂಡು ಬಿದ್ದು ಸತ್ತ. ಹೆಂಡತಿ ಮೊದಲೇ ಹೋಗಿದ್ದಳು. ಉಳಿದದ್ದು ಒಂದು ಬೋಟು, ಒಂದು ಮಗಳು. ಮಗಳನ್ನು ತುಳಸಿದಾಸ, ರೋಷನ ಇಬ್ಬರ ತಾಯಿ ಗೋದಾವರಿ ಮಾಜಾಳಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಬೋಟು ಕೋರ್ಟಿಗೆ ಹೋಯಿತು. ಹುಡುಗಿಯ ಪರವಾಗಿ ಆಸ್ತಿ ನೋಡಿಕೊಳ್ಳುವವರು ಯಾರು? ಅಜ್ಜಿಯೋ, ಚಿಕ್ಕಪ್ಪನೋ? ತೀರ್ಮಾನವಾಗುವವರೆಗೆ ಮಾರುವಂತಿಲ್ಲ ಎಂದಿತು ಕೋರ್ಟು. ಆಮೇಲೆ ಒಂದು ಸಲ ಜಡ್ಜಿಗೆ ವರ್ಗ. ಒಂದು ಸಲ ಎದುರು ವಕೀಲರಿಗೆ ಜ್ವರ. ಬೋಟು ಜೆಟ್ಟಿಯಲ್ಲೇ ಪಾಚಿ ಕಟ್ಟುತ್ತ ಕೂತಿತು.

ನಾನು ಮೊದಲು ಫೈನಾನ್ಸಿನವರಿಗೆ ಬೋಟು ಜಪ್ತಿ ಮಾಡಿಕೊಡುತ್ತಿದ್ದವ. ಈಗ ಕಾರವಾರದ ವೀಣಾ ವಕೀಲರ ಕೆಲಸದವ. ಗೋದಾವರಿಯ ಕೇಸು ಅವರದ್ದೇ. ಕಾನೂನಿನ ಕೈ ತಲುಪದ ಕಡೆ ಅವರು ನನ್ನನ್ನು ಕಳಿಸುತ್ತಾರೆ.

ರೋಷನ ಗೋವಾದ ಪಾರ್ಟಿಯೊಂದಕ್ಕೆ ಬೋಟು ಮಾರಿಯಾಗಿತ್ತು. ಗಡಿ ದಾಟಿಸಿ, ಬಣ್ಣ ಬಳಿದು, ಇಂಜಿನು ಬದಲಿಸಿದರೆ ಮುಗಿಯಿತು. ಆಮೇಲೆ ಹುಡುಗಿಗೆ ಸಿಗುವುದು ಬರೀ ತೀರ್ಪಿನ ಕಾಗದ.

ಅವನಿಗಿದ್ದ ಅಡ್ಡಿ ಒಂದೇ. ಬೋಟಿನ ಆಳುಗಳು, ಖಲಾಸಿಗಳು.

ಒಡೆಯ ಸತ್ತ ಬೋಟು ಮತ್ತೆ ಕಡಲಿಗೆ ಹೊರಡಬೇಕಾದರೆ ಆ ಒಡೆಯನ ಮನೆಯ ಕೈಯಿಂದಲೇ ಕಾಯಿ ನೀರಿಗೆ ಬೀಳಬೇಕು. ಇಲ್ಲದಿದ್ದರೆ ಅವರು ಹತ್ತುವುದಿಲ್ಲ. ರೋಷನ ಒಡಹುಟ್ಟಿದವನೇ. ಆದರೆ ಅಣ್ಣ ತಮ್ಮ ಎಂದೋ ಒಲೆ ಬೇರೆ ಮಾಡಿಕೊಂಡಿದ್ದರು. ಅವನ ಕಾಯಿ ನಡೆಯದು ಎಂದು ಬೋಟು ನಡೆಸುವ ವಿಠೋಬ ತಾಂಡೇಲ ಖಂಡಿತವಾಗಿ ಹೇಳಿಬಿಟ್ಟಿದ್ದ. ಅದಕ್ಕೇ ರೋಷನ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ನಿಂತು, ಐಸ್‌ಕ್ರೀಮು ಕೊಡಿಸಿ, ಹುಡುಗಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದದ್ದು. ಸುದ್ದಿ ತಿಳಿದು ನಾನು ಹಿಂದೆ ಬಿದ್ದೆ. ಜೆಟ್ಟಿಯಲ್ಲಿ ನಾಗನ ಮುಷ್ಟಿಗೆ ಸಿಕ್ಕಿದೆ.

ಇಂಜಿನು ಶುರುವಾಯಿತು. ಹೊಗೆ ಎದ್ದಿತು.

"ತಾಂಡೇಲ್ರೇ, ಹಾಕಿಸ್ಲಾ ಕಾಯಿ?" ರೋಷನ ಕೇಳಿದ.

"ಹೂಂ. ಪೂರ್ವಕ್ಕೆ ಮುಖ ಮಾಡ್ಸು."

ಆಗ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ತೆಗೀಬೇಡ," ಎಂದ ನಾಗ.

"ವಕೀಲರದ್ದು. ತೆಗೀದಿದ್ರೆ ಪೊಲೀಸರಿಗೆ ಹೇಳ್ತಾರೆ. ನಿನ್ನಿಷ್ಟ."

ರೋಷನ ತಲೆಯಾಡಿಸಿದ. "ಸ್ಪೀಕರ್ ಬೇಡ. ಹುಡುಗಿ ಸಿಗ್ಲಿಲ್ಲ ಹೇಳು."

ಕಿವಿಗಿಟ್ಟೆ. "ಎಲ್ಲಿದ್ದೀಯ ಭಾಸ್ಕರ? ಹುಡುಗಿ ಸಿಕ್ಕಿದ್ಳಾ?" ವೀಣಾ ವಕೀಲರ ಧ್ವನಿ.

ನಾನು ಐಸ್ ಬಾಕ್ಸಿನ ಅಂಚು ಹಿಡಿದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದೆ. "ಯಾವಾಗ?"

"ಎಂತ ಯಾವಾಗ?"

"ಮಾಜಾಳಿಲೇ ಇದ್ರಾ? ಮಲಗಿದಲ್ಲೇ?"

"ಭಾಸ್ಕರ, ಏನು ಹೇಳ್ತಿದ್ದೀಯ?"

"ಹೆಣ ಮನೇಲೇ ಇದೆಯಾ?"

ವಕೀಲರ ತಲೆ ಓಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಣ್ಣಗೆ ಕೇಳಿದರು. "ಪೊಲೀಸರನ್ನ ಮಾಜಾಳಿಗೆ ಕಳಿಸ್ಬೇಕಾ?"

"ಹೌದು."

"ಜೆಟ್ಟಿಗೂ?"

"ಹೌದು. ಎಲ್ಲರಿಗೂ ಹೇಳ್ಬಿಡಿ."

ರೋಷನನ ಮುಖ ಬಿಳಿಚಿತ್ತು. "ಯಾರು? ಯಾರ ಹೆಣ?"

ನಾನು ಅವನನ್ನು ನೋಡಲಿಲ್ಲ. ಬೋಟಿನ ಮೇಲೆ ನಿಂತ ಹುಡುಗಿಯನ್ನು ನೋಡಿದೆ. ತಾಂಡೇಲನಿಗೆ ಕೇಳುವಷ್ಟು ಜೋರಾಗಿ ಹೇಳಿದೆ.

"ಗೋದಾವರಿ ಅಮ್ಮ ಹೋಗ್ಬಿಟ್ರು."

"ಸುಳ್ಳು," ಎಂದ ನಾಗ. ಕತ್ತಿ ಚರ್ಮಕ್ಕೆ ಇಳಿಯಿತು. "ನಾಟಕ ಮಾಡ್ತಾನೆ, ರೋಷನ. ಫೋನ್ ತಗೋ ಅವಂದು."

ರೋಷನ ಫೋನು ಕಸಿದುಕೊಂಡ. ನನ್ನ ಜೀವ ಆಗ ವೀಣಾ ವಕೀಲರ ನಾಲಿಗೆಯ ಮೇಲಿತ್ತು. ಅವರು ಹೇಳಿದ್ದು ನನಗೂ ಕೇಳಿಸಿತು.

"ರೋಷನ, ತಾಯಿಯ ಮುಖ ನೋಡುವುದಿದ್ದರೆ ಈಗಲೇ ಹೊರಡು."

ನಾಳೆ ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರೂ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ವಕೀಲರು.

ಮೊದಲು ನಿಂತದ್ದು ಇಂಜಿನು. ವಿಠೋಬ ತಾಂಡೇಲ ಅದನ್ನು ಮುಟ್ಟಬಾರದ್ದನ್ನು ಮುಟ್ಟಿದವನ ಹಾಗೆ ಬಂದ್ ಮಾಡಿದ. "ಕಾಯಿ ಕೆಳಗಿಡು ತಂಗೀ. ನೀರಿಗೆ ಹಾಕ್ಬೇಡ. ಸೂತಕ ಬಂತು ಮನೆಗೆ." ಖಲಾಸಿಗಳು ಬೋಟಿನ ಆಚೆ ಬದಿಯಿಂದ ಒಬ್ಬೊಬ್ಬರಾಗಿ ಇಳಿದರು. ಹುಡುಗಿಗೆ ಬಟ್ಟೆ ಕೂಡ ತಾಗದಂತೆ.

ಖಾಲಿ ಬೋಟಿನ ಮೇಲೆ ಅವಳೊಬ್ಬಳೇ ಉಳಿದಳು.

"ಅಜ್ಜೀ..." ಎಂದಳು. ಆಮೇಲೆ ಕಿರುಚಿದಳು. ತಾಂಡೇಲ ಕಣ್ಣೊರೆಸಿಕೊಂಡ, ಆದರೆ ಹತ್ತಿರ ಹೋಗಲಿಲ್ಲ. ಯಾರೂ ಹೋಗಲಿಲ್ಲ. ನಾಗನ ಕತ್ತಿ ಆಗಲೇ ನನ್ನ ಗಂಟಲು ಬಿಟ್ಟಿತ್ತು. ನಾನೇ ಹತ್ತಿ ಇಳಿಸಿಕೊಂಡೆ. ನನ್ನ ರಕ್ತದ ಅಂಗಿಗೆ ಮುಖ ಒತ್ತಿ ಅತ್ತಳು.

ಸುಳ್ಳು ಹೇಳಿದವನ ಎದೆಗೇ ಒರಗಿಕೊಂಡಿತ್ತು ಮಗು. ಕೆಲಸ ಅಂದರೆ ಕೆಲಸ.

ರೋಷನ ಫೋನು ನನ್ನ ಕೈಗೆ ತುರುಕಿ, ಚಪ್ಪಲಿ ಜೆಟ್ಟಿಯಲ್ಲೇ ಬಿಟ್ಟು ಬೈಕಿನ ಕಡೆ ಓಡಿದ. ತಿರುಗಿ ಕೂಗಿದ. "ನೀ ಕಾರಲ್ಲಿ ಅವಳನ್ನ ಕರ್ಕೊಂಡು ಬಾ ಭಾಸ್ಕರಣ್ಣ."

ಅಣ್ಣ. ಹುಟ್ಟಿದ ಮೇಲೆ ಮೊದಲ ಸಲ ಅವನು ನನ್ನನ್ನು ಹಾಗೆ ಕರೆದ.

ಹೈವೇಯಲ್ಲಿ ಅವನ ಬೈಕು ಮುಂದೆ, ನನ್ನ ಕಾರು ಹಿಂದೆ. ಸತ್ಯ ಹೇಳುವ ಹಾಗಿರಲಿಲ್ಲ. ಹುಡುಗಿ ಕಿಟಕಿಯಿಂದ ಕಾಕಾ ಎಂದು ಕೂಗಿದರೆ ಎಲ್ಲ ಮುಗಿಯುತ್ತಿತ್ತು. ಹಾಗಾಗಿ ಅವಳನ್ನು ಅಳಲು ಬಿಟ್ಟೆ. ಅಮದಳ್ಳಿಯಲ್ಲಿ ಅತ್ತಳು. ಸುರಂಗದಲ್ಲಿ ಅತ್ತಳು. ಕಾರವಾರ ಪೇಟೆ ದಾಟುವಾಗ ಬಿಕ್ಕಳಿಕೆ ಹತ್ತಿತು. ಕೋಡಿಬಾಗದ ಹತ್ತಿರ ವಾಂತಿ ಮಾಡಿಕೊಂಡಳು. ಐಸ್‌ಕ್ರೀಮು.

ಹಳೆಯ ಸೇತುವೆ ಬಿದ್ದ ಮೇಲೆ ಕಾಳಿ ನದಿ ದಾಟುವುದಕ್ಕೆ ಇರುವುದು ಒಂದೇ. ಲಾರಿಗಳ ಸಾಲು ನಿಂತಿತ್ತು. ರೋಷನ ಸಂದಿಯಲ್ಲಿ ನುಗ್ಗಿ ಕಣ್ಮರೆಯಾದ.

ಹ್ಯಾಂಡ್‌ಬ್ರೇಕ್ ಎಳೆದೆ.

"ಅಜ್ಜಿ ಸತ್ತಿಲ್ಲ," ಎಂದೆ.

ಬಿಕ್ಕಳಿಕೆ ನಿಂತಿತು.

"ನಾನು ಸುಳ್ಳು ಹೇಳಿದ್ದು. ನಿನ್ನ ಬೋಟು ಉಳಿಸೋಕೆ."

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ನದಿಯ ಕಡೆ ನೋಡುತ್ತ ಕೂತಳು. ಆಮೇಲೆ ಕೇಳಿದಳು.

"ಅಪ್ಪ ಸತ್ತದ್ದು?"

"ಅದು ನಿಜ."

"ಆಗ್ಲೂ ಫೋನೇ ಬಂದದ್ದು."

ನನ್ನ ಮೇಲೆ ಕತ್ತಿ ಬಂದಿದೆ, ಸರಳು ಬಂದಿದೆ, ಒಮ್ಮೆ ಕುದಿಯುವ ಸಿಗಡಿ ನೀರೂ ಬಂದಿದೆ. ಅಷ್ಟು ನೆಟ್ಟಗೆ ಬಂದು ತಾಗಿದ್ದು ಬೇರೆ ಯಾವುದೂ ಇಲ್ಲ. ಹಿಂದಿನ ಲಾರಿಯವ ಹಾರ್ನ್ ಹೊಡೆದ. ಗೇರು ಹಾಕಿದೆ.

ಮಾಜಾಳಿಯ ಮನೆಯಂಗಳದಲ್ಲಿ ಜೀಪು ನಿಂತಿತ್ತು. ವೀಣಾ ವಕೀಲರು ಶಾಲೆಯಿಂದ ಮಗು ಕದ್ದ ದೂರು ಬರೆಸಿದ್ದರು. ತಾಯಿಯ ಹೆಣ ನೋಡಲು ಬರಿಗಾಲಲ್ಲಿ ಓಡಿ ಬಂದವನನ್ನು ಪೊಲೀಸರು ತುಳಸಿಕಟ್ಟೆಯ ಪಕ್ಕದಲ್ಲೇ ಹಿಡಿದಿದ್ದರು. ಗೋದಾವರಿ ಹೊಸ್ತಿಲ ಹೊರಗೆ ಈಳಿಗೆಮಣೆಯ ಮೇಲೆ ಕೂತು ಬಂಗಡೆ ಕೊಯ್ಯುತ್ತಿದ್ದಳು.

"ಆಯೀ," ರೋಷನ ಅಳುತ್ತಿದ್ದ. ನಗುತ್ತಲೂ ಇದ್ದ. "ನೀ ಇದ್ದಿ. ಅಷ್ಟು ಸಾಕು ನಂಗೆ."

"ನಾ ಆಸ್ಪತ್ರೆಲಿ ಇದ್ದಾಗ ಬರ್ಲಿಲ್ಲ ನೀನು," ಎಂದಳು ಅವಳು, ಮೀನಿನಿಂದ ಕಣ್ಣೆತ್ತದೆ. "ಸತ್ತೆ ಅಂದ್ರೆ ಬರ್ತಿ. ಗೊತ್ತಾಯ್ತು ಬಿಡು."

ಪೂರ್ಣಿಮಾ ಅಜ್ಜಿಯ ಹತ್ತಿರ ಹೋಗಿ ಅವಳ ತೋಳು ಜಿಗುಟಿದಳು. ಗಟ್ಟಿಯಾಗಿ. ಬದುಕಿದ್ದಾಳೋ ನೋಡುವುದಕ್ಕೆ. ಆಮೇಲೆ ರೋಷನನನ್ನು ಕೂರಿಸಿಕೊಂಡು ಹೊರಟ ಜೀಪಿನ ಹಿಂದೆ ಓಡಿದಳು. "ಕಾಕಾನ್ನ ಬಿಡಿ. ಕಾಕಾನ್ನ ಬಿಡಿ." ಜೀಪು ತಿರುವು ದಾಟಿದ ಮೇಲೆ ರಸ್ತೆಯಲ್ಲೇ ಕೂತಳು. ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟಕ್ಕೆ ಅವಳ ವಯಸ್ಸಿರಲಿಲ್ಲ.

ನನ್ನ ಫೋನು ಬಡಿಯಿತು. ಬೇಲೆಕೇರಿಯಲ್ಲಿ ಬೋಟಿಗೆ ಪೊಲೀಸರ ಸರಪಳಿ ಬಿದ್ದಿತ್ತು. ಆಸ್ತಿ ಭದ್ರ.

"ಅತ್ನಾ ಅವ, ಅಲ್ಲಿ?" ಗೋದಾವರಿ ಕೇಳಿದಳು.

"ಅತ್ತ."

"ಜೋರಾಗಿ?"

"ಚಪ್ಪಲಿ ಬಿಟ್ಟು ಓಡಿದ ಅಮ್ಮಾ."

ಈಳಿಗೆ ಸ್ವಲ್ಪ ಹೊತ್ತು ನಿಂತಿತು.

"ಹೊಡೀಬೇಡಿ ಅಂತ ಹೇಳು ಪೊಲೀಸರಿಗೆ," ಎಂದಳು. "ಬಿಡೂದೂ ಬೇಡ."

"ಹೇಳ್ತೆ."

"ಸತ್ತೆ ಅಂತ ಸುಳ್ಳು ಸುದ್ದಿ ಹಬ್ಬಿದ್ರೆ ಆಯುಷ್ಯ ಹೆಚ್ತದಂತಲ್ಲ ತಮಾ?"

"ಹಾಗಂತಾರೆ."

"ಕೇಸು ಮತ್ತೆ ಯಾವಾಗ?"

"ದೀಪಾವಳಿ ರಜೆ ಕಳೆದ ಮೇಲೆ. ಅವತ್ತೂ ಆಗೂದು ಡೌಟು."

ಮುದುಕಿ ಬಂಗಡೆಯ ತಲೆ ಕತ್ತರಿಸಿ ಬೆಕ್ಕಿಗೆ ಎಸೆದಳು.

"ಹಾಗಾದ್ರೆ ಇನ್ನೊಂದೆರಡು ಸಲ ಸಾಯ್ಸು ನನ್ನ."