ಜಾಲಿಮರದ ಕಟ್ಟು

“ಇದೂ ಸೀಳೋದ್ರೆ ಬೇರೆ ಮರ ಇಲ್ಲ,” ಎಂದಳು ಶ್ವೇತ.

ಚಿಕ್ಕಸ್ವಾಮಿ ತಲೆಯಾಡಿಸಿದ. ಚಿನಕುರಳಿಯಲ್ಲಿದ್ದ ಅವನ ಮರಗೆಲಸದ ಅಂಗಡಿಗೆ ಅವಳು ಅತ್ತೆ ಪುಟ್ಟತಾಯಮ್ಮನೊಡನೆ ಮತ್ತೆ ಬಂದಿದ್ದಳು. ಹಿರಿಯರಿಗೆ ಎಡೆಯಿಡುವ ಮಾರಲಮಿ ಹಬ್ಬದೊಳಗೆ, ತೀರಿಕೊಂಡ ಗಂಡ ಶಂಕರನ ಫೋಟೋಗೆ ಕಟ್ಟು ಹಾಕಿಸಬೇಕಿತ್ತು. ಮರ ಶಂಕರನ ಎತ್ತಿನ ಗಾಡಿಯದು, ಕಲ್ಲಿನಂಥ ಜಾಲಿ. ಬೇರೆ ಊರಿನ ಬಡಗಿಯೊಬ್ಬ ತೂತು ಕೊರೆಯದೆ ಸ್ಕ್ರೂ ಹೊಡೆದು ಮೊದಲ ಕಟ್ಟನ್ನು ಸೀಳಿಹಾಕಿದ್ದ. ಉಳಿದದ್ದು ಈ ಪಟ್ಟಿಗಳು ಮಾತ್ರ.

“ಗಟ್ಟಿ ಮರ ಅವಸರಕ್ಕೆ ಬಗ್ಗಕಿಲ್ಲ,” ಎಂದ ಚಿಕ್ಕಸ್ವಾಮಿ. “ಬೆನ್ನಿನ ಕಡೆಯಿಂದ ಓರೆಯಾಗಿ ತೂತು ಕೊರೀಬೇಕು. ಎದುರು ಪಟ್ಟಿಗೂ ಸಣ್ಣ ತೂತು ಮಾಡ್ಕಬೇಕು. ಸ್ಕ್ರೂಗೆ ಮೇಣ ಸವರಿ, ಕೊನೆ ಸುತ್ತು ಕೈಲೇ ತಿರುಗ್ಸಬೇಕು.”

“ಇಂಗೇ ಹೇಳ್ಕಂಡು ಶ್ರಾವಣ ಕಳೆದ್ಬುಟ್ಟೆ ಕಣಪ್ಪಾ,” ಎಂದಳು ಪುಟ್ಟತಾಯಮ್ಮ. “ಆ ಗಾಡಿ ಮಾಡಾಕೂ ಇಷ್ಟು ದಿನ ಹಿಡೀನಿಲ್ಲ.”

ಶ್ವೇತಳ ತುಟಿಯಂಚಿಗೆ ಬಂದ ನಗು ಅಲ್ಲೇ ನಿಂತಿತು. ಅದನ್ನು ಕಂಡ ಚಿಕ್ಕಸ್ವಾಮಿ ತಲೆ ತಗ್ಗಿಸಿ ಡ್ರಿಲ್ಲು ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ಪುಟ್ಟತಾಯಮ್ಮ ಗುಡಿಗೆ ಹೊರಟಳು. ಮಗ ಹೋದ ಮೇಲೆ ಅವಳು ದೇವರನ್ನು ಏನೂ ಬೇಡುತ್ತಿರಲಿಲ್ಲ. ಸುಮ್ಮನೆ ನಿಂತು ಕೈಮುಗಿದು ಬರುತ್ತಿದ್ದಳು. ಕೊಟ್ಟವನೇ ಕರೆದುಕೊಂಡ ಮೇಲೆ ದೂರುವುದು ಯಾರಲ್ಲಿ?

ಚಿಕ್ಕಸ್ವಾಮಿ ಪಟ್ಟಿಗಳು ಜರುಗದಂತೆ ಕ್ಲಾಂಪು ಬಿಗಿದ. ಶ್ವೇತ ತುದಿ ಹಿಡಿದಳು. ಮೂರು ಮೂಲೆಗಳು ಸದ್ದಿಲ್ಲದೆ ಕೂಡಿದವು. ನಾಲ್ಕನೆಯದರ ಸ್ಕ್ರೂ ಅರ್ಧ ಇಳಿದಾಗ ಅವನು ಕೈ ತೆಗೆದ.

“ಯಾಕೆ?”

“ಇದ್ ಮುಗುದ್ರೆ ನೀವಿನ್ನು ಬರಕಿಲ್ಲ.”

ಅವಳ ಬೆರಳುಗಳು ಮರದ ಮೇಲೆ ಹಾಗೆಯೇ ನಿಂತವು.

“ನಿಮ್ಮನ್ನ ಬುಟ್ಟು ಬೇರೆ ಯಾರ್ನೂ ಮನಸು ಒಪ್ಪಕಿಲ್ಲ,” ಎಂದ ಅವನು. “ನನ್ನ ಮದ್ವೆ ಆಯ್ತೀರಾ?”

ಶ್ವೇತ ಬೆಂಚಿನ ಮೇಲಿದ್ದ ಫೋಟೋವನ್ನು ನೋಡಿದಳು. “ಅವ್ರ ಮುಂದೇನೇ ಕೇಳ್ತೀರಲ್ಲಾ.”

“ಅವ್ರ ಬೆನ್ನಿಂದೆ ಕೇಳಾಕೆ ಮನಸು ಬರನಿಲ್ಲ.”

ಅವಳ ಕಣ್ಣು ತುಂಬಿತು. “ಅತ್ತೆಗೆ ಇರೋಳು ನಾನೊಬ್ಳೇ. ಅವ್ರನ್ನ ಬುಟ್ಟು ನಾನೆಲ್ಲಿಗೂ ಬರಕಿಲ್ಲ. ಕೆಲ್ಸ ಮುಗ್ಸಿ.”

ಅವನು ಉಸಿರು ಬಿಗಿಹಿಡಿದು ಸ್ಕ್ರೂಡ್ರೈವರನ್ನು ಮೆಲ್ಲಗೆ ತಿರುಗಿಸಿದ. ಮರ ಒಮ್ಮೆ ಸಣ್ಣಗೆ ಕಿರುಗುಟ್ಟಿತು. ಸೀಳಲಿಲ್ಲ. ಶ್ವೇತ ಆ ಮೂಲೆಯನ್ನು ಉಗುರಿನಿಂದ ತಡವಿ ನೋಡಿದಳು, ಎಲ್ಲೂ ಬಿರುಕಿರಲಿಲ್ಲ.

ಬಾಗಿಲಲ್ಲಿ ಪುಟ್ಟತಾಯಮ್ಮ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಾಳೆಂದು ಅವಳ ಮುಖವೇ ಹೇಳುತ್ತಿತ್ತು. ಒಳಗೆ ಬಂದು, ಗುಡಿಯ ತುಳಸಿಯನ್ನು ಮಗನ ಫೋಟೋದ ಮೇಲಿಟ್ಟಳು.

“ನಮ್ಮನೇಲಿ ಹೋದೋರ ಫೋಟೋನ ಎಂಗಸ್ರು ಗೋಡೆಗೆ ಏರ್ಸಕಿಲ್ಲ,” ಎಂದಳು. “ಮನೆ ಗಂಡಸೇ ಏರ್ಸಿ ಧೂಪ ಹಾಕ್ಬೇಕು. ನನ್ ಗಂಡನ್ದ ಶಂಕರ ಏರ್ಸಿದ್ದ. ಇವನ್ದ ಯಾರು ಏರ್ಸಾರು ಅಂತ ದೇವ್ರ ಮುಂದೆ ನಿಂತು ಅದ್ನೇ ಯೋಚ್ನೆ ಮಾಡ್ತಿದ್ದೆ.” ಅವಳು ಚಿಕ್ಕಸ್ವಾಮಿಯತ್ತ ತಿರುಗಿದಳು. “ನೀನು ಬತ್ತೀಯೇನಪ್ಪಾ?”

ಅವನು ಶ್ವೇತಳ ಮುಖವನ್ನೇ ನೋಡಿದ.

ಅವಳು ಫೋಟೋವನ್ನು ಕಟ್ಟಿನೊಳಗೆ ಕೂರಿಸಿ, ಎತ್ತಿ ಎದೆಗೊತ್ತಿಕೊಂಡಳು. ಅತ್ತೆಯ ಕೈ ಹಿಡಿದು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು.

“ಬೆಳಿಗ್ಗೇನೇ ಬನ್ನಿ,” ಎಂದಳು, ತಿರುಗದೆ. “ಏರ್ಸ್ಬುಟ್ಟು ಎದ್ದೋಗಂಗಿಲ್ಲ.”