ಗಂಡು ಕೇಳಲು ಹೊರಟ ಟೈಲರಮ್ಮ

"ಇದೇನ್ರೀ ಅಳತೆ? ಮಗುಗೆ ಕೊಟ್ಟಿದ್ದೋ, ಬಾಗಿಲಿಗೆ ಕೊಟ್ಟಿದ್ದೋ?"

ಟೈಲರಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದ ರೀತಿಗೆ ಬಡಗಿ ಪೆಚ್ಚಾದ. ಮಗಳ ಫ್ರಾಕಿಗೆ ಅವನು ತನ್ನ ಸ್ಟೀಲ್ ಟೇಪಿನಲ್ಲೇ ಅಳತೆ ತೆಗೆದಿದ್ದ. "ಒಂದು ನೂಲೂ ಸೇರಿಸಬೇಡಿ, ನನ್ನ ಅಳತೆ ತಪ್ಪಲ್ಲ" ಎಂದು ಜಂಬವನ್ನೂ ಕೊಚ್ಚಿಕೊಂಡಿದ್ದ. ಹಟಕ್ಕೆ ಬಿದ್ದು ಅವಳೂ ಹಾಗೇ ಹೊಲಿದಿದ್ದಳು. ಈಗ ಏಳು ವರ್ಷದ ಚಿನ್ನಿ ಹೊಸ ಫ್ರಾಕಿನೊಳಗೆ ಕೈ ಎತ್ತಲಾಗದೆ ಗೊಂಬೆಯ ಹಾಗೆ ನಿಂತಿದ್ದಳು.

"ಮರ ಉಸಿರಾಡಲ್ಲ ಸ್ವಾಮಿ, ಮಗು ಉಸಿರಾಡುತ್ತೆ. ಸ್ವಲ್ಪ ಸಡಿಲ ಬಿಡಬೇಕು."

"ಅಮ್ಮ ಇಲ್ಲದ ಮಗು ಕಣ್ರೀ. ಏನೂ ಹೆಚ್ಚುಕಮ್ಮಿ ಆಗಬಾರದು ಅಂತ..." ಅವನು ಮಗಳ ಕೂದಲು ನೇವರಿಸಿದ.

ಅವಳ ಕೋಪ ಜರ್ರನೆ ಇಳಿಯಿತು. ಗಂಡ ಬಿಟ್ಟುಹೋದಾಗ ಅವಳ ಮಗಳೂ ಇಷ್ಟೇ ಎತ್ತರ. ಹರಿದ ಬಟ್ಟೆಗೆ ಹೊಲಿಗೆ ಹಾಕುತ್ತಾ ಹಾಕುತ್ತಾ ಅದೇ ಮಗಳನ್ನು ಕಾಲೇಜು ಮೆಟ್ಟಿಲು ಹತ್ತಿಸಿ, ಮುಖ್ಯ ರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದಳು. ಯಾರ ಮುಂದೆಯೂ ಕೈ ಚಾಚಿರಲಿಲ್ಲ.

ಫ್ರಾಕು ಬಿಚ್ಚಿ ಹೊಲಿದದ್ದಾಯಿತು. ಬಡಗಿ ಬರುವುದು ಮಾತ್ರ ನಿಲ್ಲಲಿಲ್ಲ. ಒಂದು ದಿನ ಅಂಗಿಯ ಗುಂಡಿ ಕಿತ್ತುಹೋಗಿದೆ ಎಂದು ಬಂದ. ಇನ್ನೊಂದು ದಿನ ಅವಳ ಕಟಿಂಗ್ ಟೇಬಲ್ಲಿನ ಕಾಲು ಅಲ್ಲಾಡುತ್ತದೆ ಎಂದು ತಾನೇ ಕಂಡುಹಿಡಿದ.

"ನೆಟ್ಟಗೇ ಇದೆಯಲ್ರೀ!"

"ನೀವು ನೋಡುವಾಗ ನೆಟ್ಟಗಿರುತ್ತೆ. ನಾನೂ ಅಷ್ಟೇ."

ನಗು ತಡೆಯಲು ಅವಳು ಗುಂಡುಪಿನ್ನು ಕಚ್ಚಿಕೊಂಡಳು. ಅವನು ಅದನ್ನು ಕಣ್ಣಂಚಲ್ಲೇ ನೋಡಿ ಟೇಬಲ್ಲಿನ ಕೆಳಗೆ ತೂರಿದ.

"ಅಮ್ಮಾ, ನಿನ್ನ ಕೆನ್ನೆ ಕೆಂಪಗಾಗಿದೆ," ಕಾಜಾ ಹಾಕುತ್ತಿದ್ದ ಮಗಳು ಕಾಲೆಳೆದಳು.

"ಇಸ್ತ್ರಿ ಪೆಟ್ಟಿಗೆ ಬಿಸಿ ಕಣೇ."

ಇಸ್ತ್ರಿ ಪೆಟ್ಟಿಗೆ ಅಂದು ಆನ್ ಆಗಿರಲೇ ಇಲ್ಲ.

ಎಲ್ಲ ಚೆನ್ನಾಗಿತ್ತು, ಬಡಗಿಯ ಅಕ್ಕ ಅಂಗಡಿಗೆ ಬರುವವರೆಗೆ. ಗಿರಾಕಿಗಳ ಎದುರೇ ಆಕೆ, "ನನ್ನ ತಮ್ಮ ನಿನಗೆ ಬಾಳು ಕೊಡೋಕೆ ಒಪ್ಪಿದ್ದಾನೆ ಕಣಮ್ಮ. ಪುಣ್ಯ ಮಾಡಿದ್ದೆ ನೀನು," ಎಂದುಬಿಟ್ಟಳು.

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಹೂಂ ಎಂದರೆ ತಾನು ಕಟ್ಟಿದ ಬಾಳು ಯಾರೋ ದಾನ ಕೊಟ್ಟದ್ದಾಗುತ್ತದೆ. ಊಹೂಂ ಎಂದರೆ ಅವನು ಕೈತಪ್ಪುತ್ತಾನೆ.

"ನನ್ನ ಬಾಳು ನನ್ನ ಹತ್ರಾನೇ ಇದೆ. ನೀವು ಹೊರಡಿ ಅಕ್ಕಾ," ಎಂದಳು.

ಸಂಜೆ ಬಡಗಿ ಏದುಸಿರು ಬಿಡುತ್ತಾ ಓಡಿಬಂದ. "ದೇವರಾಣೆ, ನಾನು ಹಾಗಂದಿಲ್ಲ. ನೀವಿಲ್ಲದೆ ದಿನ ಹೋಗಲ್ಲ ಅಂತ ಅಕ್ಕನ ಹತ್ರ ಅತ್ತುಬಿಟ್ಟೆ, ಅಷ್ಟೇ."

"ಅತ್ರಾ?"

"ಕಣ್ಣಿಗೆ ಮರದ ಹೊಟ್ಟು ಬಿತ್ತು ಅಂದೆ. ಅಕ್ಕ ನಂಬಲಿಲ್ಲ."

ಅವಳು ನೀರಿನ ಲೋಟವನ್ನು ಅವನತ್ತ ಸರಿಸಿದಳು. ಆದರೂ, "ಯೋಚನೆ ಮಾಡ್ತೀನಿ, ಹೋಗಿ," ಎಂದಳು. ಅವನು ತಲೆ ತಗ್ಗಿಸಿಕೊಂಡು ಹೋದ.

ಭಾನುವಾರ ಬೆಳಿಗ್ಗೆ ಅವಳು ಮಗಳನ್ನು ಕರೆದುಕೊಂಡು ನೇರ ಅಕ್ಕನ ಮನೆಗೇ ಹೋಗಿ, ಹೇಳಿಸಿಕೊಳ್ಳದೆ ಕುರ್ಚಿ ಎಳೆದು ಕೂತಳು.

"ನನಗೆ ಅಂಗಡಿ ಇದೆ, ಕಸುಬಿದೆ. ಮಗಳನ್ನ ಒಬ್ಬಳೇ ಬೆಳೆಸಿದ್ದೀನಿ, ಅವಳ ಒಪ್ಪಿಗೇನೂ ಇದೆ. ನಿಮ್ಮ ತಮ್ಮ ಅಂದ್ರೆ ನನಗೆ ಪ್ರಾಣ. ಅವರನ್ನ ನನಗೆ ಕೊಡ್ತೀರಾ ಅಂತ ಕೇಳೋಕೆ ಬಂದೆ. ಚಿನ್ನೀನೂ ಬೇಕು."

ಅಕ್ಕ ತಮ್ಮನಿದ್ದ ಅಡುಗೆಮನೆಯ ಕಡೆಗೊಮ್ಮೆ ತಿರುಗಿ ನೋಡಿದಳು. ಮಗಳಂತೂ ಹೆಮ್ಮೆಯಿಂದ ಬೀಗುತ್ತಾ ಅಮ್ಮನನ್ನೇ ನೋಡುತ್ತಿದ್ದಳು.

ಕೊನೆಗೆ ಅಕ್ಕ ಗಂಟಲು ಸರಿಮಾಡಿಕೊಂಡಳು. ದನಿಯಲ್ಲಿ ಇನ್ನೂ ಗತ್ತು ಉಳಿದಿತ್ತು. "ಕೇಳಿದ ತಕ್ಷಣ ಕೊಟ್ಟುಬಿಡೋಕಾಗುತ್ತಾ? ಹುಡುಗನನ್ನೂ ಒಂದು ಮಾತು ಕೇಳಬೇಕು."

ಅಡುಗೆಮನೆಯಿಂದ ಬಡಗಿ ಟೀ ತಟ್ಟೆ ಹಿಡಿದು ಹೊರಬಂದ. ನಾಚಿಕೆಗೆ ತಲೆ ಎತ್ತಲಾಗುತ್ತಿರಲಿಲ್ಲ, ಲೋಟಗಳು ಗಡಗಡ ನಡುಗುತ್ತಿದ್ದವು.

"ಹುಡುಗ ಒಪ್ಪಿದ್ದಾನೆ ಅಕ್ಕಾ," ಎಂದ.