ಅಳಿಸಿಹೋದ ಮೇಲಿನ ಸಾಲು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಔಷಧಿ ಅಂಗಡಿಯ ಮಾಲೀಕ ಠಾಣೆಗೆ ಬಂದ. ಕಳೆದ ವರ್ಷ ಮಹಡಿ ಮೆಟ್ಟಿಲಿನಿಂದ ಬಿದ್ದು ಸತ್ತ ಹೆಂಡತಿಯ ಸಮಾಧಿಗೆ ಅಮೃತಶಿಲೆಯ ಫಲಕ ಹಾಕಿಸಿದ್ದ. ಅದರ ಮೇಲಿದ್ದ ತನ್ನ ಹೆಸರನ್ನು ಯಾರೋ ಆಸಿಡ್ ಹಾಕಿ ಅಳಿಸಿದ್ದಾರೆ ಎಂಬುದು ದೂರು. ದೊಡ್ಡ ಮನುಷ್ಯ ನೋಡಿ, ತರಿಸಿದ ಚಹಾ ಆರುವ ಮೊದಲೇ ಎಫ್‌ಐಆರ್ ತಯಾರಾಯಿತು.

"ಕಲ್ಲು ಕೆತ್ತಿದವನದೇ ಕೆಲಸ ಸಾರ್. ನನ್ನ ಮೇಲೆ ಹಗೆ ಇತ್ತು. ಒಳಗೆ ಹಾಕಿ."

ಸ್ಮಶಾನದಲ್ಲಿ ಪಂಚನಾಮೆ ನಡೆಯಿತು. ಇಂಥವರ ಪ್ರೀತಿಯ ಪತ್ನಿ ಎಂದಿದ್ದ ಮೇಲಿನ ಸಾಲು ಪೂರ್ತಿ ಮಾಯ. ಆ ಜಾಗ ಬಳಸಿದ ಸೋಪಿನಂತೆ ನುಣ್ಣಗೆ ತಗ್ಗಾಗಿತ್ತು. ಕೆಳಗೆ ಸತ್ತವಳ ಹೆಸರು ಮಾತ್ರ ನಿನ್ನೆ ಕೆತ್ತಿದಂತಿತ್ತು. ಇನ್‌ಸ್ಪೆಕ್ಟರ್ ಸ್ಮಶಾನದ ಕಾವಲುಗಾರನ ಕಡೆ ತಿರುಗಿದರು.

"ಕೆತ್ತೋನು ಬಂದಿದ್ನಾ?"

"ಹೋದ ವಾರ ಒಂದೇ ಸಲ ಸಾರ್. ಪಕ್ಕದ ಸಮಾಧಿ ಅಳತೆ ತಗೊಂಡು ಹೋದ," ಎಂದ ಕಾವಲುಗಾರ.

ಕೆತ್ತುವವನ ಶೆಡ್ಡಿನಲ್ಲಿ ಆಸಿಡ್ ಕ್ಯಾನ್ ಸಿಕ್ಕಿತು. ಅವನು ಕೈಮುಗಿದ. "ಕಲೆ ತೆಗೆಯೋಕೆ ಇಟ್ಕೊಂಡಿರೋದು ಸಾರ್, ಮಕ್ಕಳಾಣೆ."

ಹೆಡ್ ಕಾನ್‌ಸ್ಟೇಬಲ್ ಬೇಡಿ ಹೊರತೆಗೆದೇಬಿಟ್ಟ. ಇನ್‌ಸ್ಪೆಕ್ಟರ್ ತಡೆದು, ಅದೇ ಕಲ್ಲಿನ ಎರಡು ತುಂಡುಗಳನ್ನು ಠಾಣೆಯ ಹಿತ್ತಲಿಗೆ ತರಿಸಿ, ಎರಡರ ಮೇಲೂ ಒಂದರ ಕೆಳಗೊಂದು ಗೆರೆ ಗೀರಿ ನೆಟ್ಟಗೆ ನಿಲ್ಲಿಸಿದರು. ಒಂದಕ್ಕೆ ಕ್ಯಾನಿನ ಆಸಿಡ್ಡನ್ನು ಹಾಗೇ ಸುರಿದರು. ಕಲ್ಲು ಬುಸುಗುಟ್ಟಿತು. ನೊರೆ ಹರಿದಲ್ಲೆಲ್ಲ ಗೆರೆಗಳನ್ನು ತಿಂದು, ಮೈಯನ್ನು ಒರಟಾಗಿಸಿ ಇಳಿಯಿತು. ಇನ್ನೊಂದಕ್ಕೆ ಬಹಳ ನೀರು ಬೆರೆಸಿದ ಆಸಿಡ್ಡನ್ನು ಹತ್ತಿಯಲ್ಲಿ ಒತ್ತಿದರು. ನಾಲ್ಕು ಗುಳ್ಳೆ ಎದ್ದವು, ಅಷ್ಟೇ. ಸಂಜೆವರೆಗೂ ಒತ್ತಿದ ಮೇಲೆ ಆ ಗೆರೆ ತುಸು ಮೊಂಡಾಗಿತ್ತು. ಕೆಳಗಿನ ಗೆರೆಗೆ ಏನೂ ಆಗಿರಲಿಲ್ಲ.

"ಒಂದೇ ಸಲ ಬಂದೋನು ಗಟ್ಟಿ ಆಸಿಡ್ಡೇ ಸುರೀಬೇಕು. ಸುರಿದಿದ್ರೆ ಕೆಳಗಿನ ಹೆಸರೂ ಹೋಗ್ತಿತ್ತು. ಇದು ತಿಂಗಳುಗಟ್ಟಲೆ ಕೂತು ಮಾಡಿರೋದು. ಆ ಹೆಸರಿಗೆ ಒಂದು ಹನಿ ತಾಗದ ಹಾಗೆ."

"ಅಷ್ಟು ಪುರಸೊತ್ತು ಯಾರಿಗಿದೆ ಸಾರ್?"

ಕಾವಲುಗಾರನಿಗೆ ಫೋನ್ ಹೋಯಿತು. "ದಿನಾ ಬರೋದು ಆಕೆ ತಾಯಿ ಒಬ್ಬರೇ ಸಾರ್. ಹತ್ತಿ ತಂದು ಕಲ್ಲು ಒರೆಸ್ತಾರೆ, ಪಾಪ."

ತಾಯಿ ಬಾಗಿಲು ತೆರೆದಾಗ ಬಟ್ಟೆಬರೆ ತುಂಬಿದ ಚೀಲ ಆಗಲೇ ಕೈಯಲ್ಲಿತ್ತು. ಆಸಿಡ್ ಬಾಟಲಿ, ಹತ್ತಿಯ ಉಂಡೆ ಕಿಟಕಿಯ ಮೇಲೆ ಎಲ್ಲರಿಗೂ ಕಾಣುವಂತಿದ್ದವು.

"ಬನ್ನಿ. ನಿಮಗೇ ಕಾಯ್ತಿದ್ದೆ."

"ಯಾಕಮ್ಮ ಹೀಗೆ ಮಾಡಿದ್ರಿ?"

"ಅವಳು ಬಿದ್ದಿಲ್ಲ, ಅಳಿಯ ತಳ್ಳಿದ್ದಾನೆ ಅಂತ ಮೂರು ಸಲ ಠಾಣೆಗೆ ಬಂದೆ. ಮನೆಗೆ ಹೋಗಿ ಸುಧಾರಿಸ್ಕೊಳ್ಳಿ ಅಂದ್ರು ಇವರು."

ಹೆಡ್ ಕಾನ್‌ಸ್ಟೇಬಲ್ ತಲೆ ತಗ್ಗಿಸಿದ.

"ನನ್ನ ಮಗಳು ಹೋದಾಗ ಬರ್ಕೊಳ್ಳಲಿಲ್ಲ. ಅವನ ಹೆಸರು ಹೋಗಿದ್ದಕ್ಕೆ ಬರ್ಕೊಂಡ್ರಿ. ಈಗ ನನ್ನ ಹೇಳಿಕೆ ತಗೊಳ್ಳಲೇಬೇಕಲ್ಲ?"

ಏಳು ಗಂಟೆಗೆ ಬಂಧನ ದಾಖಲಾಯಿತು. ಆಕೆ ಹೇಳಿದ್ದನ್ನು ಇನ್‌ಸ್ಪೆಕ್ಟರ್ ಒಂದಕ್ಷರ ಬಿಡದೆ ತಾವೇ ಬರೆದುಕೊಂಡರು. ಬರೆಯುವಾಗ ಅವರಿಗೆ ನಾಚಿಕೆಯಾಯಿತು.

ಮರುದಿನ ಅಳಿಯ ನಗುತ್ತಾ ಬಂದ, ಉಪಕಾರವಾಯಿತು ಎಂದು ಹೇಳಲು. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು.

"ಕೂತ್ಕೊಳ್ಳಿ. ಆವತ್ತು ಅವರು ಬಿದ್ದಾಗ, ನೀವು ಯಾವ ಮೆಟ್ಟಿಲ ಮೇಲಿದ್ರಿ?"